ಇಲ್ಗಾಳ ಹಾಡಿನ ನಡುವಿನ ಬರಿ ಹಾಳೆ

ದುಬೈಯ ನೈಫ್ ಪೇಟೆಯ ಗಲ್ಲಿಯೊಂದರಲ್ಲಿ ಕೀಬೋರ್ಡು, ಗಿಟಾರು, ಮೈಕು ಮಾರಿಕೊಂಡು, ಬಿಡುವಿನಲ್ಲಿ ಊರಿನವರ ಹಾಡುವ ತಂಡವೊಂದನ್ನು, ಅಂದರೆ ಕೊಯರನ್ನು, ನಡೆಸುತ್ತಿದ್ದ ಕ್ಯಾಮಿಲಸ್‌ಗೆ ಬರಿದಾದದ್ದು ಏನು ಕಂಡರೂ ಮೈ ಉರಿಯುತ್ತಿತ್ತು. ಶೆಲ್ಫಿನಲ್ಲಿ ಜಾಗ ಉಳಿದರೆ ಬರಿ ರಟ್ಟಿನ ಡಬ್ಬವನ್ನಾದರೂ ಇಟ್ಟು ತುಂಬಿಸುತ್ತಿದ್ದ. ಅಂಥವನ ಮೇಜಿನ ಮೇಲೆ ಇಲ್ಗಾ ತನ್ನ ಹೊಸ ಹಾಡಿನ ಹಾಳೆಗಳನ್ನು ಹರಡಿದಳು. ನಡುವಿನ ಒಂದು ಹಾಳೆಯಲ್ಲಿ ಗೆರೆಗಳು ಮಾತ್ರ. ಸ್ವರವೇ ಇಲ್ಲ.

“ಪ್ರಿಂಟರಿನ ಇಂಕು ಮುಗಿಯಿತಾ?” ಎಂದ ಕ್ಯಾಮಿಲಸ್.

“ಇಲ್ಲ. ಅಲ್ಲಿ ನೀವೆಲ್ಲ ಸುಮ್ಮನಿರಬೇಕು. ಆಗ ನಿಮ್ಮ ಅಭ್ಯಾಸದ ಹಾಲ್ ಹಾಡುತ್ತದೆ.”

ಸರಕಿನಲ್ಲಿ ಹುರುಳಿಲ್ಲದಾಗಲೇ ಇಂಥ ಮಾತು ಬರುವುದು ಎಂದುಕೊಂಡ ಅವನು.

ಇಲ್ಗಾ ಲಾಟ್ವಿಯಾ ದೇಶದವಳು. ರೀಗಾದಲ್ಲಿ ಅವಳ ತಾಯಿ ಗಾಯನವೃಂದ ನಡೆಸುತ್ತಿದ್ದಳು; ಮಗಳು ಸಂಗೀತ ರಚನೆಯನ್ನೇ ಓದಿದಳು. ಅವಳ ಹಾಡುಗಳನ್ನು ಸ್ವೀಡನ್ನಿನವರು ಹಾಡಿದರು, ಜರ್ಮನಿಯವರು ಹಾಡಿದರು, ಪತ್ರಿಕೆಗಳು ಹೊಗಳಿದವು. ಹೊಗಳಿಕೆಯನ್ನು ಬೇಯಿಸಿ ಉಣ್ಣಲಾಗದು ಎಂದು ಮನವರಿಕೆಯಾದ ಮೇಲೆ ದುಬೈಗೆ ಬಂದು, ದೇರಾದ ಹೋಟೆಲೊಂದರ ಲಾಬಿಯಲ್ಲಿ ಪಿಯಾನೊ ನುಡಿಸತೊಡಗಿದಳು. ಸಂಜೆ ಗಿರಾಕಿಗಳ ಹುಟ್ಟುಹಬ್ಬದ ರಾಗ, ಬೆಳಿಗ್ಗೆ ತನ್ನ ರಚನೆ. ಬೆಳಗಿನ ಮಾಲು ಕೇಳುವವರಿರಲಿಲ್ಲ.

ಕ್ಯಾಮಿಲಸ್‌ಗೂ ಬೇಕಿರಲಿಲ್ಲ, ಆದರೆ ಅವನ ಕೊಯರ್‌ನ ಮಾರ್ಟಿನಾ ಬಿಡಲಿಲ್ಲ. ಅಲ್ ನಹ್ದಾದಲ್ಲಿದ್ದ ಈ ನರ್ಸಮ್ಮ, ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ವೊವಿಯೊ ಎಂಬ ಮದುವೆ ಪದ ಹಾಡುವವಳು. ಅವಳು ಸಾಲು ಮುಗಿಸಿದರೆ ಉಳಿದ ಹೆಂಗಸರು ಕೊನೆಯ ಸ್ವರವನ್ನೇ ಹಿಡಿದು ಎಳೆಯುತ್ತಿದ್ದರು. ಅಂಥ ಒಂದು ರೋಸ್‌ಗೆ ಬಂದಿದ್ದ ಇಲ್ಗಾ, “ನಮ್ಮ ಅಜ್ಜಿಯರೂ ಹೀಗೇ!” ಎಂದು ಕಣ್ಣರಳಿಸಿ, ಅದನ್ನೇ ಹಿಡಿದು ಹಾಡು ಕಟ್ಟಿದ್ದಳು. ಗಂಡಸರು ಒಂದೇ ಸ್ವರ ಹಿಡಿದು ನಿಲ್ಲಬೇಕು. ಅದಕ್ಕೆ ಉಜ್ಜುವಷ್ಟು ಹತ್ತಿರದಲ್ಲಿ ಹೆಂಗಸರು ಇನ್ನೊಂದು ಸ್ವರ ಇಡಬೇಕು. ಕೇಳಿದರೆ ಕ್ಯಾಮಿಲಸ್‌ಗೆ ಹೊಸ ಬೂಟು ಹಿಮ್ಮಡಿ ಕಚ್ಚಿದಂತಾಗುತ್ತಿತ್ತು.

“ಅಂಕಲ್, ಇದು ಹಾಡಾ, ಫ್ರಿಜ್ ಹಾಳಾದದ್ದಾ?” ಎಂದ ಕೊಯರ್‌ಗೆ ಕೀಬೋರ್ಡ್ ನುಡಿಸುವ ಹುಡುಗ ಜೇಸನ್.

“ನಿನ್ನ ಬಾಯಿಗೆ ಬೀಗ ಹಾಕು ಪುತಾ,” ಎಂದ ಮಾರ್ಟಿನಾ ಕ್ಯಾಮಿಲಸ್‌ನತ್ತ ತಿರುಗಿದಳು. “ಕ್ಯಾಮಿಲಾಬ್, ಇಲ್ಗಾಳ ಹೋಟೆಲಿನವರು ತನ್ನಷ್ಟಕ್ಕೆ ನುಡಿಯುವ ಪಿಯಾನೊ ತಂದಿದ್ದಾರಂತೆ, ಇನ್ನು ಇವಳು ಬೇಡವಂತೆ. ಕ್ರಿಸ್ಮಸ್ ಕಳೆದದ್ದೇ ಅವಳು ಊರಿಗೆ. ಹೋಗುವ ಮೊದಲು ಒಂದು ಸಲ ಈ ಹಾಡನ್ನು ಪೂರ್ತಿ ಕೇಳಬೇಕಂತೆ, ಆ ಬರಿ ಹಾಳೆ ಸಮೇತ.”

ಕ್ಯಾಮಿಲಸ್ ಮಾತು ಕೊಟ್ಟ.

ಕೊಡುವುದು ಸುಲಭ. ಅವರ ಕೊಯರ್‌ನಲ್ಲಿ ನಿಶ್ಶಬ್ದ ಎಂದರೆ ಯಾರೋ ಸಾಲು ಮರೆತಿದ್ದಾರೆ ಎಂದೇ ಅರ್ಥ. ಆಗ ಕೀಬೋರ್ಡಿನವನು ಏನಾದರೂ ಒತ್ತಿ ಎಲ್ಲರ ಮಾನ ಕಾಯಬೇಕು. ಕ್ಯಾಮಿಲಸ್ ಜೇಸನ್‌ಗೆ ಕಲಿಸಿದ ಮೊದಲ ಪಾಠವೇ ಅದು.

ಊದ್ ಮೇಥಾದ ಹಾಲ್‌ನಲ್ಲಿ ಡಿಸೆಂಬರಿನ ಒಂದು ಶುಕ್ರವಾರ ಊರಿನವರ ಸಂಘದ ಕ್ರಿಸ್ಮಸ್ ಕೂಟ. ಅಭ್ಯಾಸವೂ ಅದೇ ಹಾಲ್‌ನಲ್ಲಿ ನಡೆದಿತ್ತು. ನಿರೂಪಕ ಶಾಮಸುಂದರನಿಗೆ ಕ್ಯಾಮಿಲಸ್ ಮೊದಲೇ ಹೇಳಿದ್ದ: “ನಡುವೆ ಸುಮ್ಮನಾಗುತ್ತೇವೆ. ನೀವು ಮೈಕ್ ಹಿಡಿದು ಓಡಿ ಬರಬೇಡಿ ಮಾರಾಯ್ರೆ.”

“ನಾನು ಯಾಕೆ ಬರಲಿ ಕ್ಯಾಮಿಲಣ್ಣ?”

ಹಾಡು ನಡುವಿಗೆ ಬಂತು. ಎಲ್ಲರೂ ಬಾಯಿ ಮುಚ್ಚಿದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, “ಮೈಕ್ ಹೋಯ್ತು ಮಾರ್ರೆ!” ಮಗುವೊಂದು ಅತ್ತಿತು. ಶಾಮಸುಂದರ ಕುರ್ಚಿಯಿಂದ ಅರ್ಧ ಎದ್ದ. ಕ್ಯಾಮಿಲಸ್‌ನ ಎಡಗೈ ಅವನನ್ನು ಕೇಳದೆಯೇ ಜೇಸನ್‌ನತ್ತ ಸನ್ನೆ ಮಾಡಿತು. ಜೇಸನ್ ಒತ್ತಿದ. ಕೀಬೋರ್ಡಿನ ಪಿಟೀಲುಗಳು ಸಕ್ಕರೆ ಪಾಕದಂತೆ ಹಾಲ್ ತುಂಬ ಹರಿದವು. ಭರ್ಜರಿ ಚಪ್ಪಾಳೆ.

ಊಟದ ಸಾಲಿನಲ್ಲಿ ಶಾಮಸುಂದರ ಬೆನ್ನು ತಟ್ಟಿದ. “ಮಧ್ಯದಲ್ಲಿ ಆ ಕೀಬೋರ್ಡ್ ಬಿಟ್ಟದ್ದುಂಟಲ್ಲ, ಭಾರೀ ಲಾಯ್ಕ್! ಮುಂದಿನ ಸಲ ಡ್ರಮ್ಸೂ ಹಾಕುವ. ಸಂಘಕ್ಕೆ ಅಂಥದ್ದೇ ಒಂದು ಬೇಕು, ತೆಗೆದಿಡಿ.”

ಬೇರೆ ದಿನವಾಗಿದ್ದರೆ ಅಲ್ಲೇ ಬಿಲ್ ಬರೆಯುತ್ತಿದ್ದ. ಇವತ್ತು ಪೆನ್ನು ಜೇಬಿನಲ್ಲೇ ಉಳಿಯಿತು. ಎದುರಿಗೆ ಇಲ್ಗಾ, ಮುಟ್ಟದ ತಟ್ಟೆ ಹಿಡಿದು.

“ಹೆದರಿದಿರಿ,” ಎಂದಳು, ಸಿಟ್ಟಿಲ್ಲದೆ.

“ಜನ ಕೂಗಿದರಲ್ಲ...”

“ಕೂಗಿದ್ದು ಜನ. ಕೈ ನಿಮ್ಮದು.”

ಮರುದಿನ ಗಿರಾಕಿಯೊಬ್ಬ ಅದೇ ಪಿಟೀಲು ಕೇಳಿಸಿ ಎಂದಾಗ ಕ್ಯಾಮಿಲಸ್ ಒಂದು ಸಲ ಒತ್ತಿ ಥಟ್ಟನೆ ಆರಿಸಿಬಿಟ್ಟ. ಹಳಸಿದ ಕ್ರೀಮ್ ಕೇಕಿನ ವಾಸನೆ ಬಡಿದ ಹಾಗೆ. ಇಷ್ಟು ವರ್ಷ ಈ ಅಂಟನ್ನು ಮಾರಿದ್ದು ಸಾಲದೆಂದು ಇನ್ನೊಬ್ಬಳ ಹಾಡಿಗೂ ಬಳಿದು ಬಂದೆನಲ್ಲ! ಥೂ.

ಮುಂದಿನ ಶುಕ್ರವಾರ, ಇಲ್ಗಾ ಹೊರಡುವ ಮುನ್ನಾದಿನ, ಕೊಯರನ್ನು ಅದೇ ಹಾಲ್‌ಗೆ ಕರೆದ. ಜೇಸನ್ ಸುತ್ತ ನೋಡಿದ.

“ಅಂಕಲ್, ನನ್ನ ಕೀಬೋರ್ಡ್?”

“ಅಂಗಡಿಯಲ್ಲಿ. ಇವತ್ತು ಕೈ ಕಟ್ಟಿ ನಿಲ್ಲು. ನಾನೂ ಕಟ್ಟುತ್ತೇನೆ.”

ಖಾಲಿ ಕುರ್ಚಿಗಳ ನಡುವೆ ಇಲ್ಗಾ ಒಬ್ಬಳೇ ಕೂತಳು. ಹಾಡು ನಡುವಿಗೆ ಬಂದು ನಿಂತಿತು. ಕ್ಯಾಮಿಲಸ್ ಕಂಕುಳಲ್ಲಿ ಕೈ ಸಿಕ್ಕಿಸಿ ಹಲ್ಲು ಕಚ್ಚಿದ. ಆಗ ಕೇಳಿಸಿತು. ಮೇಲೆ ಹಳೆಯ ಎ.ಸಿ. ಗುಂಯ್ ಎನ್ನುತ್ತಿತ್ತು. ಗಂಡಸರು ಇಷ್ಟು ಹೊತ್ತು ಹಿಡಿದಿದ್ದ ಸ್ವರವೂ ಅದೇ. ಇಲ್ಗಾ ಹಾಡು ಕಟ್ಟುವಾಗಲೇ ಈ ಹಾಲ್‌ನಲ್ಲಿ ಕೂತು, ಆ ಎ.ಸಿ.ಯಿಂದಲೇ ಸ್ವರ ಎತ್ತಿದ್ದಳು. ಇವರು ನಿಲ್ಲಿಸಿದರೂ ಹಾಲ್ ನಿಲ್ಲಿಸಿರಲಿಲ್ಲ. ರಿಪೇರಿ ಮಾಡಿಸಿ ಎಂದು ಇದೇ ಸದ್ದಿನ ಮೇಲೆ ಅವನೆಷ್ಟು ಸಲ ದೂರು ಕೊಟ್ಟಿದ್ದನೋ!

“ಅಂಕಲ್, ಎ.ಸಿ. ನಮ್ಮ...”

“ಶ್!”

ಬರಿ ಹಾಳೆ ಮುಗಿದದ್ದೇ ಮಾರ್ಟಿನಾ ಆ ಗುಂಯ್‌ಗುಟ್ಟುವಿಕೆಯ ಮೇಲೆ ಮೆಲ್ಲಗೆ ವೊವಿಯೊದ ಸಾಲೊಂದನ್ನು ಇಟ್ಟಳು. ಕುರ್ಚಿಗಳ ನಡುವೆ ಇಲ್ಗಾ ಕಣ್ಣು ಮುಚ್ಚಿದ್ದಳು.

ವಾರ ಕಳೆದು ಶಾಮಸುಂದರ ಅಂಗಡಿಗೆ ಬಂದ. “ನಮ್ಮ ಆ ಕೀಬೋರ್ಡ್, ಕ್ಯಾಮಿಲಣ್ಣ?”

“ಮಾಫಿ, ಇಲ್ಲವೇ ಇಲ್ಲ,” ಎಂದ ಕ್ಯಾಮಿಲಸ್. “ಸ್ಟಾಕ್ ಖಲಾಸ್.”

ಅವನ ಬೆನ್ನ ಹಿಂದಿನ ಶೆಲ್ಫಿನಲ್ಲಿ ಅಂಥ ಕೀಬೋರ್ಡುಗಳು ಸೂರು ಮುಟ್ಟುವಂತೆ ಪೇರಿಸಿ ಕೂತಿದ್ದವು.