ಬಾಣಂತಿ ಕೋಣೆಯ ಗೋಡೆ

ಹರಿಪುರದ ನಮ್ಮ ಮನೆಗೆ ಹೊಳೆ ನೀರು ನುಗ್ಗಿ ಇಳಿದ ವರ್ಷವೇ ಮೊಮ್ಮಗಳು ಬಾಣಂತನಕ್ಕೆ ಬರಬೇಕಾಗಿತ್ತು. ಅವಳ ಅತ್ತೆ ಒಪ್ಪಲಿಲ್ಲ. ಹೊಲಸು ನೀರು ಕುಡಿದ ಗೋಡೆಯಲ್ಲಿ ರೋಗದ ಕ್ರಿಮಿಗಳಿರುತ್ತವೆ, ಮೊದಲು ಪರೀಕ್ಷೆ ಮಾಡಿಸಿ ಎಂದರು. ಮಾತು ಖಾರವಾಗಿತ್ತು, ಸುಳ್ಳಾಗಿರಲಿಲ್ಲ.

ಮಿರಜದ ಲ್ಯಾಬಿನಿಂದ ಒಬ್ಬ ಹುಡುಗಿ ಬಂದು ಗೋಡೆಯ ಮಣ್ಣಿನ ಗಿಲಾವು ಕೆರೆದು ಒಯ್ದಳು. ವಾರದ ಮೇಲೆ ಅವಳ ಫೋನು ಬಂತು.

"ಆಜಿ, ಕ್ರಿಮಿ ಭಾಳ ಅದಾವ. ಸಂಡಾಸದ್ದರ ಇರಬೇಕು, ಇಲ್ಲಾ ಸಗಣೀದರ. ಗೋಡಿಗೆ ಏನರ ಹಚ್ಚಿದ್ರೇನ್ರಿ?"

"ನೀ ಬರ್ತೀಯಂತ ಸಗಣಿ ಸಾರಿಸಿದ್ದೆ. ಹೊಲಸು ಗೋಡಿ ತೋರಸಲೇನು?"

"ನಾ ಹೊಲಸು ನೋಡಾಕನ ಬಂದಿದ್ನಲ್ಲಾ, ಆಜಿ!"

ನಕ್ಕಳು. ನನಗೆ ನಗು ಬರಲಿಲ್ಲ. ತಪ್ಪು ನನ್ನದೋ, ನೀರಿನದೋ ಇನ್ನೂ ಗೊತ್ತಿರಲಿಲ್ಲ. ಸಗಣಿಯ ಪದರ ಕೆತ್ತಿಸಿ, ಗೋಡೆ ಒಣಗಿಸಿ, ಅವಳನ್ನು ಮತ್ತೆ ಕರೆಸಿದೆ. ಈ ಸಲ ಒಳಗಿನ ಮಣ್ಣು ಒಯ್ದಳು. ಅದರಲ್ಲಿ ಅಂಥ ಕ್ರಿಮಿ ಸಿಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು.

ಮೊಮ್ಮಗಳನ್ನು ಅತ್ತೆಯೇ ಕರೆತಂದರು. ಕೋಣೆಗೆ ಹೋಗಿ ಗೋಡೆಯನ್ನು ಮೂಸಿಯೂ ನೋಡಿದರು.

"ಇನ್ನ ಸಗಣಿ ಹಚ್ಚಬ್ಯಾಡ್ರಿ ಮತ್ತ," ಎಂದರು.

"ಇಲ್ರಿ. ಈಗರ ಕುಂದ್ರಿ, ಚಾ ಕುಡೀರಿ," ಎಂದೆ.

ಕುಳಿತರು. ಮೊಮ್ಮಗಳು ಆಗಲೇ ಮಂಚದ ಮೇಲೆ ಕಾಲು ಚಾಚಿದ್ದಳು.