ನಾನು ಕೇಳದೆ ಬಿಟ್ಟ ಪ್ರಶ್ನೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಪೆನ್ನು ಮುಚ್ಚಿಟ್ಟು ಎದ್ದಿದ್ದೇನೆ. ಇನ್ನೂ ಮುಂದೂಡುವ ವಯಸ್ಸಲ್ಲ ನನ್ನದು.

ಹೆಂಡತಿ ತೀರಿಹೋದ ಮರುವರ್ಷ, ಧಾರವಾಡದ ಹತ್ತಿರದ ಹಳ್ಳಿಯಿಂದ ಮರಾಠಿ ನಾಡಿನ ಖರಾಡಿಯ ನಮ್ಮ ಎರಡು ಕೋಣೆಯ ಮನೆಗೆ ಸೊಸೆ ಬಂದಳು. ಮಗ ಕಂಪನಿಯ ಕ್ಯಾಬ್ ಓಡಿಸುತ್ತಾನೆ. ಹಗಲೆಲ್ಲ ಮನೆಯಲ್ಲಿ ಅವಳು ಮತ್ತು ನಾನು. ಅವಳಿಗೆ ಮರಾಠಿ ಬರುತ್ತಿರಲಿಲ್ಲ. ಬಸುರಿಯಾದಾಗ ಆಶಾ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸುತ್ತಿದ್ದಳು. ಆಕೆ ಮರಾಠಿಯಲ್ಲಿ ಕೇಳಿದ್ದನ್ನು ನಾನು ಅಡುಗೆಮನೆಯ ಆಚೆ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ಸೊಸೆ ತಲೆಯ ಮೇಲೆ ಸೆರಗು ಹೊದ್ದು, ನನ್ನತ್ತ ನೋಡದೆ ಉತ್ತರಿಸುತ್ತಿದ್ದಳು. ಊಟ, ಗುಳಿಗೆ, ಕಾಲಿನ ಬಾವು, ಇವನ್ನೆಲ್ಲ ಕೇಳುವುದು ಕಷ್ಟವಾಗಲಿಲ್ಲ.

ಏಳನೇ ತಿಂಗಳಲ್ಲಿ ಆಕೆ, ರಕ್ತವೇನಾದರೂ ಕಾಣಿಸುತ್ತಿದೆಯೇ ಕೇಳಿ ಎಂದಳು. ಮಾವನಾದವನು ಸೊಸೆಯನ್ನು ಅದನ್ನು ಹೇಗೆ ಕೇಳುವುದು? ತಡವರಿಸಿದೆ.

"ವಿಚಾರಾ ನಾ ಕಾಕಾ! ಕೇಳಿ ಅಂದರೆ, ಮದುಮಗನ ಹಾಗೆ ಏನು ನಾಚುತ್ತೀರಿ?" ಎಂದು ಆಕೆ ಮರಾಠಿಯಲ್ಲೇ ಛೇಡಿಸಿ ನಕ್ಕಳು.

"ಮಾಮಾರ, ಏನ್ ಕೇಳಾಕತ್ತಾರ್ರಿ ಅವ್ರು?" ಎಂದಳು ಸೊಸೆ.

"ಹೊಟ್ಟಿ ತುಂಬ ಉಣ್ತಿಯೇನಂತವಾ."

"ಉಣ್ತೇನ್ರಿ."

ನಾನು ಕಾರ್ಯಕರ್ತೆಗೆ, "ಕಾಹೀ ನಾಹೀ, ಸಗಳ ಠೀಕ್" ಎಂದೆ. ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದು. ಆಕೆ ನಂಬಿ ಹೊರಟಳು.

ಸೊಸೆಗೆ ಆಗಲೇ ರಕ್ತ ಕಾಣಿಸುತ್ತಿತ್ತು. ಮೊದಲ ಬಸಿರು, ಹೀಗೂ ಆಗುತ್ತದೇನೋ ಎಂದುಕೊಂಡಿದ್ದಳು. ಕೇಳೋಣವೆಂದರೆ ಮನೆಯಲ್ಲಿ ಹೆಂಗಸರಿಲ್ಲ. ರಕ್ತ ಹೆಚ್ಚಾಗಿ ಆ ವಾರವೇ ಆಸ್ಪತ್ರೆಗೆ ಒಯ್ದೆವು. ಅವಳು ಉಳಿದಳು, ಮಗು ಉಳಿಯಲಿಲ್ಲ.

ಕನ್ನಡ ಬಲ್ಲ ನರ್ಸ್ ಒಬ್ಬಳು ಮಂಚದ ಬಳಿ ಕೇಳಿದಳು: "ಮನಿಗೆ ಬರೂ ಅಕ್ಕಾರು ಇದನ್ನ ಕೇಳಿರ್ಲಿಲ್ಲೇನವಾ?"

ಸೊಸೆ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು. ಕಾರ್ಯಕರ್ತೆಯ ಅಂದಿನ ನಗು, ನನ್ನ ತಡವರಿಕೆ, ಎಲ್ಲ ಅವಳಿಗೆ ಅರ್ಥವಾಯಿತು. ಮಗ ಪಕ್ಕದಲ್ಲೇ ನಿಂತಿದ್ದ.

"ನೆನಪಿಲ್ರಿ," ಎಂದು ಮಗ್ಗುಲು ಬದಲಿಸಿದಳು.

ಈಗ ಅವಳು ಮತ್ತೆ ಬಸುರಿ. ನೆರೆಯವರಿಂದ ಮರಾಠಿ ಕಲಿತಿದ್ದಾಳೆ. ಅದೇ ಕಾರ್ಯಕರ್ತೆ ಬಂದಾಗ ಇಬ್ಬರೇ ಕೋಣೆಯಲ್ಲಿ ಮಾತಾಡುತ್ತಾರೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಯಾರೂ ನನ್ನನ್ನು ಕರೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಸಿ, "ಇನ್ನೊಂದ್ ಹಾಕ್ಲ್ಯಾರಿ?" ಎನ್ನುತ್ತಾಳೆ. ದಿನದ ಮಾತು ಅಷ್ಟೇ.

ಕಾರ್ಯಕರ್ತೆಯ ಮುಂದೆ ಕೈಮುಗಿದು ತಪ್ಪೊಪ್ಪಿಕೊಂಡೆ. ಮಗನಿಗೂ ಹೇಳಿದೆ, ಅವನು ಎದ್ದು ಹೊರಗೆ ಹೋದ, ತಿರುಗಿ ಆ ಮಾತು ಎತ್ತಲಿಲ್ಲ. ತಪ್ಪಾಯಿತು ಎಂದು ಇನ್ನೂ ಹೇಳದೆ ಉಳಿದಿರುವುದು ಒಬ್ಬಳಿಗೆ ಮಾತ್ರ: ನನ್ನ ಸೊಸೆಗೆ.