ಕಂಪ್ಯೂಟರಿಗೂ ರಾಹುಕಾಲ

ಹೋದ ಶುಕ್ರವಾರ ನನ್ನ ಮೊಬೈಲ್ ರಾಗಿಹಿಟ್ಟಿನ ಡಬ್ಬದೊಳಗೆ ಬಂದಿಯಾಗಿತ್ತು. ಹಾಕಿದವಳು ನನ್ನ ಹೆಂಡತಿ ಜಯಮ್ಮ.

ವಿಷಯ ಇಷ್ಟು. ಮಧುಗಿರಿಯಲ್ಲಿ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಷೇರಿನ ಹುಚ್ಚು ಹಿಡಿದಿದೆ. ಕೊಳ್ಳುವಾಗ ಆಸೆ, ಮಾರುವಾಗ ಭಯ. ಎರಡರಲ್ಲೂ ಕೈ ಸುಟ್ಟುಕೊಂಡವನು ನಾನು. ಶಿರಾದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನನ್ನ ಹಳೆಯ ವಿದ್ಯಾರ್ಥಿನಿ ತಬಸ್ಸುಮ್ ಇದಕ್ಕೊಂದು ಮದ್ದು ಹೇಳಿದಳು.

"ಒಂದು ಪ್ರೋಗ್ರಾಂ ಬರ್ದು ಕೊಡ್ತೀನಿ ಸಾರ್. ಇಷ್ಟು ಏರಿದ್ರೂ ಮಾರು, ಇಷ್ಟು ಇಳಿದ್ರೂ ಮಾರು ಅಂತ. ಅದೇ ಕೊಳ್ತದೆ, ಅದೇ ಮಾರ್ತದೆ. ಅದ್ಕೆ ಆಸೇನೂ ಇಲ್ಲ, ಭಯಾನೂ ಇಲ್ಲ."

ಬಂಡವಾಳ? ಇನ್ನೊಂದು ಎಮ್ಮೆ ಕೊಳ್ಳಲೆಂದು ಜಯಮ್ಮ ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡು! ಕೇಳಿದೆ. ಕೊಟ್ಟಳು. ಷರತ್ತು ಒಂದೇ: "ರಾಹುಕಾಲ್ದಲ್ಲಿ ಯಾಪಾರ ಮಾಡಂಗಿಲ್ಲ ಕಣ್ರೀ."

ನಾಚಿಕೊಂಡೇ ತಬಸ್ಸುಮ್‌ಗೆ ಹೇಳಿದೆ. ಅವಳು ನಗಲೇ ಇಲ್ಲ. "ಅದೂ ಒಂದು ಟೈಮೇ ಅಲ್ವಾ ಸಾರ್? ಹಾಕ್ಬುಡ್ತೀನಿ." (ಪಾಪ, ಅವಳ ಅಪ್ಪನ ಅಂಗಡಿಯ ಗಿರಾಕಿಗಳೂ ರಾಹುಕಾಲ ಕಳೆದೇ ಬರುತ್ತಿದ್ದರಂತೆ.)

ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಪ್ರೋಗ್ರಾಂ ಹತ್ತಕ್ಕೆ ಷೇರು ಕೊಂಡಿತು. ಹತ್ತೂವರೆಗೆ ಶಿಸ್ತಾಗಿ ನಿಂತಿತು. ಅದಾಗಿ ಕಾಲು ಗಂಟೆಗೆ ಬೆಲೆ ಕುಸಿಯತೊಡಗಿತು! ಮಾರಬೇಕಾದ ಮಟ್ಟಕ್ಕಿಂತ ಕೆಳಗಿಳಿಯಿತು. ಪ್ರೋಗ್ರಾಂ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜಯಮ್ಮನ ಎಮ್ಮೆ ನನ್ನ ಕಣ್ಣೆದುರೇ ಕರಗುತ್ತಿತ್ತು. ನಾನೇ ಮಾರಿಬಿಡೋಣ ಎಂದು ಬೆರಳಿಟ್ಟೆ, ಅಷ್ಟರಲ್ಲಿ ಜಯಮ್ಮ ಮೊಬೈಲ್ ಕಿತ್ತುಕೊಂಡು ರಾಗಿಹಿಟ್ಟಿನ ಡಬ್ಬಕ್ಕೆ ಹಾಕಿದ್ದಳು.

"ದುಡ್ಡು ಹೋಗ್ತದೆ ಕಣೇ!"

"ಹೋದ್ರೆ ನಂದು ಹೋಗ್ತದೆ. ನಂಗೆ ಮಾತು ಕೊಟ್ಟಿಲ್ವಾ ನೀವು?"

ಹನ್ನೆರಡು ದಾಟಿದ ಮೇಲೆ ಹಿಟ್ಟು ಕೊಡವಿ ನೋಡಿದರೆ, ಬೆಲೆ ಮತ್ತೆ ಏರಿತ್ತು. ಪ್ರೋಗ್ರಾಂ ಎಚ್ಚೆತ್ತು, ಸಣ್ಣ ಲಾಭಕ್ಕೆ ಮಾರಿ ಮುಗಿಸಿತ್ತು. ಇದೆಲ್ಲ ಕಾಕತಾಳೀಯ, ಇನ್ನೊಂದು ದಿನ ಇದೇ ಷರತ್ತು ನಮ್ಮನ್ನು ಮುಳುಗಿಸುತ್ತದೆ ಎಂದು ವಾದಿಸಿದೆ. ಆಶ್ಚರ್ಯ, ಒಪ್ಪಿಕೊಂಡಳು.

"ಅದ್ಕೇ ಹೇಳ್ತಿರೋದು, ನನ್ನ ದುಡ್ಡು ವಾಪಸ್ ಕೊಟ್ಬುಡಿ. ಮಿಷನ್ ಸುಮ್ಕೆ ಕುಂತಿತ್ತು. ನಿಮ್ಮ ಮುಖ ನೋಡಕಾಗ್ತಿರ್ಲಿಲ್ಲ."

ಮೊನ್ನೆ ಆ ದುಡ್ಡಿನಲ್ಲೇ ಪಕ್ಕದ ಪುರವರದಿಂದ ಎಮ್ಮೆ ಬಂತು. ಅದರ ಗಟ್ಟಿ ಹಾಲಿನ ಕಾಫಿ ಕುಡಿಯುತ್ತಲೇ ಇದನ್ನು ಬರೆಯುತ್ತಿದ್ದೇನೆ. ಮನಸ್ಸು ಹಾಯಾಗಿದೆ. ಈಗಷ್ಟೇ ತಬಸ್ಸುಮ್ ಫೋನ್ ಮಾಡಿದ್ದಳು. "ಪ್ರೋಗ್ರಾಂಗೆ ಬೇರೆ ಏನಾದ್ರೂ ಸೆಟ್ಟಿಂಗ್ ಹಾಕ್ಬೇಕಾ ಸಾರ್?"

ಪ್ರೋಗ್ರಾಂಗೆ ಏನೂ ಬೇಡ. ಅದರ ಮುಂದೆ ಬೆವರುತ್ತಾ ಕೂರುವವನಿಗೆ ಯಾವುದಾದರೂ ಸೆಟ್ಟಿಂಗ್ ಇದೆಯೇ?